ಅಂಗಡಿ ನಿಮ್ಮದು, ಓಟಿಪಿ ಯಾರ ಮೊಬೈಲಿಗೆ ಬರುತ್ತೆ?

ಅಂಗಡಿಯ ಲೆಕ್ಕವನ್ನು ಕ್ಲೌಡ್‌ಗೆ (ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಕಂಪ್ಯೂಟರಿಗೆ) ಹಾಕಬೇಕಾ ಬೇಡವಾ ಅಂತ ಈಗಲೂ ಕೇಳುವವರಿದ್ದಾರೆ. ಧೈರ್ಯವಾಗಿ ಹಾಕಿ ಅಂತಲೇ ನಾನು ಹೇಳೋದು. ದಾವಣಗೆರೆ ಸುತ್ತಮುತ್ತಲಿನ ಅಂಗಡಿ, ಗೋಡೌನು, ಸಣ್ಣ ಫ್ಯಾಕ್ಟರಿಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವನು ನಾನು. ಪೆನ್‌ಡ್ರೈವ್‌ನಲ್ಲಿ ಬ್ಯಾಕಪ್ ತೆಗೆದು, ಆ ಪೆನ್‌ಡ್ರೈವನ್ನು ಅದೇ ಕಂಪ್ಯೂಟರಿಗೆ ಸಿಕ್ಕಿಸಿ ಬಿಟ್ಟಿರುವವರನ್ನು ಬೇಕಾದಷ್ಟು ನೋಡಿದ್ದೇನೆ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ, ಬಿಡಿಸೋಕೆ ದುಡ್ಡು ಕೇಳುವ ವೈರಸ್) ಹೊಕ್ಕರೆ ಎರಡೂ ಒಟ್ಟಿಗೇ ಹೋಗುತ್ತವೆ. ಅದಕ್ಕಿಂತ ಕ್ಲೌಡ್ ಎಷ್ಟೋ ವಾಸಿ.

ಮೊಬೈಲ್ ತಂದ ಬದಲಾವಣೆ ನೋಡಬೇಕಾದರೆ ಒಂದು ದಿನ ಲೈನ್ ಹುಡುಗರ ಜೊತೆ ಹೋಗಬೇಕು. ಹರಿಹರ, ಹೊನ್ನಾಳಿ, ಚನ್ನಗಿರಿ ಕಡೆ ಆರ್ಡರ್ ತೆಗೆಯೋಕೆ ಹೋಗುವವರು ಮೊದಲು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡು, ರಾತ್ರಿ ವಾಪಸ್ ಬಂದು ಗೋಡೌನಿಗೆ ಕೊಡುತ್ತಿದ್ದರು. ಕೇಳಿದ ಸ್ವಿಚ್ಚು, ವೈರು ಸ್ಟಾಕ್ ಇಲ್ಲ ಅಂತ ಗೊತ್ತಾಗುತ್ತಿದ್ದದ್ದು ಮರುದಿನ. ಈಗ ಅಂಗಡಿ ಮುಂದೆ ನಿಂತೇ ಫೋನಿನಲ್ಲಿ ಸ್ಟಾಕ್ ನೋಡುತ್ತಾರೆ. ಆ ಅಂಗಡಿಯವರ ಹಳೇ ಬಾಕಿ ಎಷ್ಟು ಅಂತಲೂ ಅಲ್ಲೇ ಕಾಣುತ್ತದೆ. ದುಡ್ಡು ಯುಪಿಐನಲ್ಲಿ ಬಿದ್ದ ತಕ್ಷಣ ಎಂಟ್ರಿ ಮಾಡುತ್ತಾರೆ. ಹುಡುಗ ಊರು ತಲುಪುವ ಮುಂಚೆ ಗೋಡೌನಿನಲ್ಲಿ ಮಾಲು ಕಟ್ಟಿ ಇಟ್ಟಿರುತ್ತಾರೆ.

ಇಷ್ಟು ಬೇಗ ಇದಕ್ಕೆಲ್ಲ ಒಗ್ಗಿಕೊಂಡಿದ್ದಕ್ಕೆ ಸರ್ಕಾರದ ಒತ್ತಡವೂ ಕಾರಣ. 2016ರಲ್ಲಿ ಯುಪಿಐ ಬಂತು, 2017ರ ಜುಲೈನಲ್ಲಿ ಜಿಎಸ್‌ಟಿ. 2023ರ ಆಗಸ್ಟ್‌ನಿಂದ ವರ್ಷಕ್ಕೆ 5 ಕೋಟಿ ಮೀರಿದ ವಹಿವಾಟಿನವರಿಗೂ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಇನ್ನೊಬ್ಬ ವ್ಯಾಪಾರಿಗೆ ಬಿಲ್ ಹಾಕಿದರೆ ಅದಕ್ಕೆ ಪೋರ್ಟಲ್‌ನಿಂದ ನಂಬರ್, ಕ್ಯೂಆರ್ ಕೋಡ್ ಬರಲೇಬೇಕು.

ನನ್ನ ಚಿಂತೆ ಇರೋದು ಬೇರೆ ಕಡೆ. ಇಷ್ಟೆಲ್ಲ ಇಟ್ಟ ಮೇಲೆ ಬೀಗದ ಕೈ ಯಾರ ಹತ್ತಿರ ಇದೆ?

ಒಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ನಡೆದದ್ದು ಹೇಳುತ್ತೇನೆ. ಅವತ್ತು 20ನೇ ತಾರೀಕು, ಜಿಎಸ್‌ಟಿಯ ತಿಂಗಳ ಲೆಕ್ಕವಾದ 3ಬಿ ರಿಟರ್ನ್ ಹಾಕೋಕೆ ಕೊನೇ ದಿನ. ಓಟಿಪಿ ಹೋಗುತ್ತಿದ್ದದ್ದು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ ಅಕೌಂಟ್ಸ್ ಹುಡುಗನ ಮೊಬೈಲಿಗೆ. ಬಿಲ್ಲಿಂಗ್ ಆ್ಯಪಿನ ಖಾತೆಯೂ ಅವನದೇ ಜಿಮೇಲ್‌ನಲ್ಲಿ. ಹುಡುಗ ಒಳ್ಳೆಯವನು, ಆದರೆ ಹೊಸ ಕೆಲಸದಲ್ಲಿ ಫೋನ್ ಎತ್ತುವ ಹಾಗಿರಲಿಲ್ಲ.

"ಅಲ್ಲಪ್ಪಾ, ವರ್ಷಾ ವರ್ಷಾ ದುಡ್ಡು ಕಟ್ಟೋನು ನಾನು. ನನ್ನ ಲೆಕ್ಕ ನನಗೇ ತೋರಿಸಲ್ವಾ ಇದು?" ಅಂದರು ಮಾಲೀಕರು.

"ಸಾಹುಕಾರ್ರೇ, ಆ್ಯಪಿಗೆ ನೀವು ಯಾರು ಅಂತಲೇ ಗೊತ್ತಿಲ್ಲ," ಅಂತ ಹೇಳಬೇಕಾಯಿತು. ಅವರು ಕ್ಯಾಶ್ ಕೌಂಟರ್ ಹಿಂದೆ ಸುಮ್ನೆ ಕೂತುಬಿಟ್ಟರು. ಸಂಜೆ ಹುಡುಗ ತಾನೇ ಫೋನ್ ಮಾಡಿ ಓಟಿಪಿ ನಂಬರ್ ಹೇಳಿದ್ದಕ್ಕೆ ಆ ತಿಂಗಳು ಪಾರಾದರು. ಅವನು ಮುನಿಸಿಕೊಂಡು ಹೋದವನಾಗಿದ್ದರೆ? ಸಿಮ್ ಬದಲಿಸಿದ್ದರೆ?

ಇದಕ್ಕೆ ದಾರಿ ಇದೆ. ಲಾಗಿನ್ ಕೈಯಲ್ಲಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲೇ ನಾನ್-ಕೋರ್ ತಿದ್ದುಪಡಿ (ಅಧಿಕಾರಿಯ ಒಪ್ಪಿಗೆ ಬೇಡದ ಸಣ್ಣ ಬದಲಾವಣೆ) ಅನ್ನೋ ಕಡೆ ಮೊಬೈಲ್, ಇಮೇಲ್ ಬದಲಿಸಬಹುದು. ಲಾಗಿನ್ನೇ ಇಲ್ಲದಿದ್ದರೆ ದಾಖಲೆ ಹಿಡಿದು ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಹತ್ತಿರ ಹೋಗಬೇಕು. ಅದಕ್ಕಿಂತ ಮೊದಲೇ ವ್ಯಾಪಾರಕ್ಕೆ ಅಂತಲೇ ಒಂದು ಸಿಮ್, ಒಂದು ಇಮೇಲ್ ಮಾಡಿಕೊಳ್ಳಿ. ಸಿಮ್ ಮಾಲೀಕರ ಹೆಸರಲ್ಲೇ ಇರಲಿ, ರೀಚಾರ್ಜ್ ತಪ್ಪಿಸಬೇಡಿ. ಅಡ್ಮಿನ್ ಆಗಿ ಮನೆಯ ಇನ್ನೊಬ್ಬರೂ ಇರಲಿ. ಹುಡುಗರಿಗೆ ಅವರವರದೇ ಲಾಗಿನ್ ಕೊಡಿ, ಕೆಲಸ ಬಿಟ್ಟ ದಿನವೇ ತೆಗೆದುಹಾಕಿ.

ದೊಡ್ಡವರಿಗೂ ಈ ತೊಂದರೆ ತಪ್ಪಿಲ್ಲ. 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದ ಮೇಲೆ, ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ ಇರುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ಹಣ ಕಟ್ಟಿದ ಲೈಸೆನ್ಸ್ ಇದ್ದರೂ ನಮ್ಮ ಡೇಟಾ ನಮಗೇ ಸಿಗುತ್ತಿಲ್ಲ ಅಂತ ಆ ಕಂಪನಿ ದೆಹಲಿ ಹೈಕೋರ್ಟ್‌ಗೆ ಹೋಯಿತು. ಕೆಲವು ದಿನಗಳಲ್ಲಿ ಸೇವೆ ವಾಪಸ್ ಬಂತು. ಅವರಿಗೆ ಹೈಕೋರ್ಟ್ ವಕೀಲರಿದ್ದರು. ನಮ್ಮ ಮಂಡಿಪೇಟೆ ಅಂಗಡಿಯವರು ಯಾರ ಹತ್ತಿರ ಹೋಗಬೇಕು?

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜನ್ ಊರಿನ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಅನ್ನೋ ಸರ್ಕಾರಿ ಕ್ಲೌಡ್‌ನ 858 ಟೆರಾಬೈಟ್ ಸುಟ್ಟುಹೋಯಿತು. ಹೊರಗೆ ಎಲ್ಲೂ ಬ್ಯಾಕಪ್ ಇರಲಿಲ್ಲ. ಆಸ್ಟ್ರೇಲಿಯಾದ ಯೂನಿಸೂಪರ್ ಅನ್ನೋ ಪಿಂಚಣಿ ನಿಧಿಯದ್ದು ಇದಕ್ಕೆ ತದ್ವಿರುದ್ಧ. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡ್ ಕಡೆಯ ತಪ್ಪಿನಿಂದ ಅವರ ಪ್ರೈವೇಟ್ ಕ್ಲೌಡ್ ಖಾತೆಯೇ ಅಳಿಸಿಹೋಯಿತು. ಬೇರೆ ಕಂಪನಿಯ ಹತ್ತಿರ ಒಂದು ಪ್ರತಿ ಇಟ್ಟಿದ್ದರಿಂದ ಮತ್ತೆ ಎದ್ದು ನಿಲ್ಲೋಕೆ ಸಾಧ್ಯವಾಯಿತು. "ಕ್ಲೌಡ್‌ನಲ್ಲಿದೆ, ಇನ್ನೇನು ಭಯ" ಅನ್ನುವವರಿಗೆ ನಾನು ಇವೆರಡನ್ನೂ ಜೊತೆಯಲ್ಲೇ ಹೇಳುತ್ತೇನೆ.

ನಮ್ಮ ಮಟ್ಟಕ್ಕೆ ಇಳಿಸಿ ಹೇಳಬೇಕೆಂದರೆ, ತಿಂಗಳಿಗೊಮ್ಮೆ ಬಿಲ್ಲು, ಲೆಡ್ಜರು, ಸ್ಟಾಕು ಎಲ್ಲವನ್ನೂ ಎಕ್ಸೆಲ್‌ನಲ್ಲಿ ಇಳಿಸಿಕೊಂಡು ಒಂದು ಹಾರ್ಡ್‌ಡಿಸ್ಕ್‌ಗೆ ಹಾಕಿ, ಅದನ್ನು ಮನೆಯಲ್ಲಿಡಿ. ಇಟ್ಟದ್ದು ತೆರೆಯುತ್ತಾ ಅಂತ ಆಗಾಗ ತೆಗೆದೂ ನೋಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಲೆಕ್ಕ ಕಾಪಾಡಬೇಕು. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಲೆಕ್ಕದ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನ ಇರಬೇಕು ಅಂತ 2022ರಿಂದ ನಿಯಮವೇ ಇದೆ. ನಾಳೆ ಆ ಆ್ಯಪಿನ ಕಂಪನಿಯೇ ಬಾಗಿಲು ಹಾಕಿದರೂ ಲೆಕ್ಕ ಕೊಡಬೇಕಾದವರು ನೀವೇ. ಆ್ಯಪ್ ಮಾರೋಕೆ ಬಂದವರನ್ನು ಮೊದಲ ದಿನವೇ ಕೇಳಿ: "ನಿಮ್ಮನ್ನು ಬಿಟ್ಟು ಹೋಗಬೇಕಾದರೆ ನನ್ನ ಲೆಕ್ಕ ಹೇಗೆ ವಾಪಸ್ ಕೊಡ್ತೀರಿ?" ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಇನ್ನು ನಮ್ಮ ವೃತ್ತಿಯವರಿಗೆ. ಗ್ರಾಹಕರ ಡೊಮೇನು (ವೆಬ್‌ಸೈಟಿನ ಹೆಸರು), ಇಮೇಲು, ಕ್ಲೌಡ್ ಖಾತೆ ಎಲ್ಲವನ್ನೂ ತಮ್ಮ ಹೆಸರಲ್ಲೇ ಇಟ್ಟುಕೊಳ್ಳುವವರು ನಮ್ಮಲ್ಲಿದ್ದಾರೆ. ಕೆಲವರು ಅವಸರದಲ್ಲಿ ಮಾಡುತ್ತಾರೆ. ಕೆಲವರು ಗ್ರಾಹಕ ಬಿಟ್ಟುಹೋಗಬಾರದು ಅಂತ ಬೇಕಂತಲೇ ಮಾಡುತ್ತಾರೆ. ಇದು ತಪ್ಪು. ಇದನ್ನು ವ್ಯಾಪಾರದ ಜಾಣತನ ಅಂತ ಯಾರಾದರೂ ಸಮರ್ಥಿಸಿಕೊಂಡರೆ ನಾನು ಒಪ್ಪೋದಿಲ್ಲ. ಕೆಲಸ ಚೆನ್ನಾಗಿ ಮಾಡಿದರೆ ಗ್ರಾಹಕ ತಾನಾಗೇ ಉಳಿಯುತ್ತಾನೆ. ಪ್ರತಿ ಗ್ರಾಹಕರಿಗೂ ಯಾವ ಖಾತೆ ಎಲ್ಲಿದೆ, ಯಾರ ನಂಬರಿಗೆ ಜೋಡಿಸಿದೆ, ರಿನ್ಯೂವಲ್ ಯಾವತ್ತು ಅನ್ನೋದನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಸಹಿ ಹಾಕಿ ಕೊಡಿ. ನಿಮ್ಮ ಊರಿನಲ್ಲಿ ಯಾರಾದರೂ ಈಗಾಗಲೇ ಹೀಗೆ ಮಾಡುತ್ತಿದ್ದರೆ ಕೆಳಗೆ ತಿಳಿಸಿ, ಅವರ ಹಾಳೆ ಹೇಗಿದೆ ಅಂತ ನನಗೂ ನೋಡಬೇಕಿದೆ.