ಗುರುವಾರ ಮಧ್ಯಾಹ್ನದ ಇಟಲಿ

ಗುರುವಾರ ಮಧ್ಯಾಹ್ನ ಇಟಲಿಯ ಯಾವುದಾದರೂ ಪೇಟೆಯ ಪಾರ್ಕಿಗೆ ಹೋಗಿ ನೋಡಿ. ಬೆಂಚುಗಳ ತುಂಬ ಹೆಂಗಸರು. ಫಿಲಿಪೀನ್ಸಿನವರು, ಉಕ್ರೇನಿನವರು, ಮೊಲ್ಡೊವಾದವರು. ಡಬ್ಬಿ ಬಿಚ್ಚಿ ಹಂಚಿಕೊಂಡು ತಿನ್ನುತ್ತಾ, ಫೋನಿನಲ್ಲಿ ಊರಿನ ಮಕ್ಕಳನ್ನು ಗದರಿಸುತ್ತಾ ಕೂತಿರುತ್ತಾರೆ. ಇವರೆಲ್ಲ ಬೇರೆಯವರ ಮನೆಯ ಮಕ್ಕಳನ್ನೋ ಮುದುಕರನ್ನೋ ನೋಡಿಕೊಳ್ಳುವವರು. ಮನೆಯಲ್ಲೇ ಉಳಿದು ಕೆಲಸ ಮಾಡುವವರಿಗೆ ವಾರಕ್ಕೆ 36 ಗಂಟೆ ಬಿಡುವು ಕೊಡಬೇಕು ಅಂತ ಇಲ್ಲಿನ ಮನೆಗೆಲಸದ ಒಪ್ಪಂದದಲ್ಲೇ ಇದೆ. ಭಾನುವಾರ ಪೂರ್ತಿ, ಇನ್ನೊಂದು ದಿನ ಅರ್ಧ. ಆ ಅರ್ಧ ದಿನ ಗುರುವಾರ ಅನ್ನುವುದು ಹಳೇ ರೂಢಿ. ನಾನೂ ಇದೇ ಗುಂಪಿನವಳು. ಬೆಂಚು ಹಿಡಿಯುವ ಬದಲು ರೈಲು ಹಿಡಿಯುತ್ತೇನೆ, ಅಷ್ಟೇ.

ನಾನಿರುವುದು ಮೊದೆನಾದಲ್ಲಿ. ನಾಲ್ಕು ವರ್ಷದ ಒಬ್ಬ ಹುಡುಗ ನನ್ನ ಜವಾಬ್ದಾರಿ. ಅವನನ್ನು ನಾನು ಕರೆಯುವುದು ಪುಟ್ಟ ಅಂತ. ಅವನೂ ಓ ಅನ್ನುತ್ತಾನೆ. ಅಲೆಯುವ ಚಟ ಇರುವವರಿಗೆ ಮೊದೆನಾ ಒಳ್ಳೆ ಜಾಗ. ಕ್ರಿಸ್ತಪೂರ್ವ 187ರಲ್ಲಿ ರೋಮನ್ನರು ರಿಮಿನಿಯಿಂದ ಪಿಯಾಚೆಂಜಾವರೆಗೆ ಗೆರೆ ಎಳೆದ ಹಾಗೆ ನೇರವಾಗಿ ಒಂದು ರಸ್ತೆ ಹಾಕಿದರು. ಅದರ ಉದ್ದಕ್ಕೂ ಊರುಗಳು ಬೆಳೆದವು. ಈಗ ರೈಲೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದು ಓಡುತ್ತದೆ. ರೆಜ್ಜೊ ಎಮಿಲಿಯಾ ಸುಮಾರು ಕಾಲು ಗಂಟೆ. ಆ ಕಡೆ ಪಾರ್ಮಾ, ಈ ಕಡೆ ಬೊಲೊನ್ಯಾ, ಎರಡೂ ಅರ್ಧ ಗಂಟೆಯ ಆಸುಪಾಸು. ಊರಿನಿಂದ ಫೋನ್ ಮಾಡಿದವರೆಲ್ಲ ‘ಕೊಲೋಸಿಯಂ ನೋಡಿದ್ಯಾ?’ ಅಂತಲೇ ಶುರು ಮಾಡುತ್ತಾರೆ. ಇಲ್ಲ, ರೆಜ್ಜೊದಲ್ಲಿ ಬೇಕರಿ ನೋಡಿದೆ ಅಂದರೆ ಅವರಿಗೆ ಬೇಜಾರು. ರೋಮು, ವೆನಿಸ್ಸು ಎಲ್ಲ ಪೂರ್ತಿ ರಜೆ ಇರುವವರಿಗೆ. ಸಂಜೆ ಏಳಕ್ಕೆ ಮಗುವಿಗೆ ಸ್ನಾನ ಮಾಡಿಸಬೇಕಾದವಳ ಇಟಲಿ ಎಲ್ಲಿಯವರೆಗೆ ಅನ್ನುವುದನ್ನು ರೈಲಿನ ಟೈಮ್‌ಟೇಬಲ್ಲೇ ಹೇಳಿಬಿಡುತ್ತದೆ.

ತೊಂದರೆ ಏನೆಂದರೆ, ನನ್ನ ಅರ್ಧ ರಜೆಗೂ ಇಲ್ಲಿನ ಊಟದ ಹೊತ್ತಿಗೂ ಎಣ್ಣೆ ಸೀಗೆಕಾಯಿ. ಪುಟ್ಟನಿಗೆ ಊಟ ಮಾಡಿಸಿ, ಅವನ ಅಜ್ಜಿ ನೋನ್ನಾಗೆ ಒಪ್ಪಿಸಿ ಹೊರಡುವಾಗ ಎರಡು ದಾಟಿರುತ್ತದೆ. ನಾನು ಇನ್ನೊಂದು ಊರಲ್ಲಿ ಇಳಿಯುವ ಹೊತ್ತಿಗೆ ಹೋಟೆಲಿನವರು ಒಲೆ ಆರಿಸಿ ಮೇಜು ಒರೆಸುತ್ತಿರುತ್ತಾರೆ. ಮತ್ತೆ ಅಡುಗೆಮನೆ ತೆರೆಯುವುದು ರಾತ್ರಿ ಏಳೂವರೆಯ ಮೇಲೆ. ಅಂಗಡಿಗಳೂ ಬಾಗಿಲು ಹಾಕಿ ಮಲಗಿರುತ್ತವೆ. ಬೀದಿಯಲ್ಲಿ ನಾನು, ಪಾರಿವಾಳ, ದಾರಿ ತಪ್ಪಿದ ಜರ್ಮನ್ ಪ್ರವಾಸಿಗಳು. ಹಾಗಾಗಿ ನಾನು ತಿಂದ ಇಟಲಿ ಹೆಚ್ಚಿನದು ನಿಂತುಕೊಂಡೇ ತಿಂದದ್ದು. ಕಾಫಿ ಬಾರುಗಳಲ್ಲಿ ಕೌಂಟರಿನ ಮುಂದೆ ನಿಂತು ಕುಡಿದರೆ ಒಂದು ರೇಟು, ಕುರ್ಚಿ ಎಳೆದುಕೊಂಡು ಕೂತರೆ ಇನ್ನೊಂದು. ಎಷ್ಟೋ ಕಡೆ ಕೂತದ್ದಕ್ಕೇ ಜಾಸ್ತಿ ದುಡ್ಡು. ನಾನಂತೂ ಕೂರುವುದಿಲ್ಲ.

ರೆಜ್ಜೊದ ಬೇಕರಿ ಅಂದೆನಲ್ಲ, ಅಲ್ಲಿ ಸಿಗುವುದು ಎರ್ಬಾತ್ಸೊನೆ. ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಎರಡು ಪದರ, ನಡುವೆ ಬೀಟ್‌ರೂಟ್ ಜಾತಿಯ ಸೊಪ್ಪು, ಈರುಳ್ಳಿ, ಕೈ ಬಿಚ್ಚಿ ಹಾಕಿದ ಪಾರ್ಮಿಜಾನೊ ಚೀಸು. ದೊಡ್ಡ ಟ್ರೇಯಿಂದ ಚೌಕವಾಗಿ ಕತ್ತರಿಸಿ, ತೂಕ ಮಾಡಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಮೇಲಿನ ಪದರ ಗರಿಗರಿ, ಕಚ್ಚಿದರೆ ಕೋಟಿನ ತುಂಬ ಪುಡಿ. ಕೆಳಗಿನದು ಸೊಪ್ಪಿನ ನೀರು ಹೀರಿಕೊಂಡು ಮೆತ್ತಗಾಗಿರುತ್ತದೆ. ರುಚಿಯೆಲ್ಲ ಅಲ್ಲೇ. ಹಳೇ ಪದ್ಧತಿಯಲ್ಲಿ ಇದಕ್ಕೆ ಹಂದಿ ಕೊಬ್ಬು ಬೀಳುತ್ತದೆ. ಹಾಗಾಗಿ ಕೇಳಿಯೇ ತಗೊಳ್ಳಬೇಕು.

ಎಮಿಲಿಯಾದಲ್ಲಿ, ಅಂದರೆ ಈ ಊರುಗಳೆಲ್ಲ ಇರುವ ಸೀಮೆಯಲ್ಲಿ, ಸಸ್ಯಾಹಾರಿಯಾಗಿ ಬದುಕುವುದು ಇನ್ನೊಂದು ಫುಲ್ ಟೈಮ್ ಕೆಲಸ. ಬೆರಳ ತುದಿಯಷ್ಟಿರುವ ತೊರ್ತೆಲ್ಲಿನಿ ಪಾಸ್ತಾದೊಳಗೆ ಹಂದಿ ಮಾಂಸವನ್ನೇ ಎರಡು ಮೂರು ವೇಷದಲ್ಲಿ ತುಂಬಿರುತ್ತಾರೆ. ಅದರ ದೊಡ್ಡಣ್ಣ ತೊರ್ತೆಲ್ಲೊನಿಯೊಳಗೆ ಸಾಮಾನ್ಯವಾಗಿ ರಿಕೊತ್ತಾ ಚೀಸು, ಸೊಪ್ಪು. ಚಿಕ್ಕದು ಕಂಡರೆ ದೂರ, ದೊಡ್ಡದು ಕಂಡರೆ ಹತ್ತಿರ. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಅನ್ನುವುದು ಇಲ್ಲಿನ ಪಾಸ್ತಾದ ಲೆಕ್ಕ. ಮೊಟ್ಟೆಯೊಡನೆ ನಾನು ರಾಜಿಯಾಗಿದ್ದೇನೆ. ತಲೆನೋವು ಬಂದದ್ದು ಪಾರ್ಮಿಜಾನೊದಿಂದ. ಅದರ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಲ್ಲಿ. ಬೇರೆ ಯಾವುದನ್ನು ಹಾಕಿದರೂ ಅದನ್ನು ಪಾರ್ಮಿಜಾನೊ ರೆಜ್ಜಾನೊ ಅಂತ ಮಾರುವ ಹಾಗಿಲ್ಲ. ಅಮ್ಮನಿಗೆ ಫೋನಿನಲ್ಲಿ ಚೀಸು ತೋರಿಸಿದೆ. ‘ಹಾಲಿಂದೇ ಅಲ್ವೇನೇ, ತಿನ್ನು’ ಅಂದಳು. ಮುಂದಿನ ವಿವರಕ್ಕೆ ನಾನು ಹೋಗಲಿಲ್ಲ. ತಿನ್ನುತ್ತಿದ್ದೇನೆ.

ಗಾಲಿಯ ಆಕಾರದಲ್ಲಿ ಮಾಡುವ, ಸುಮಾರು 40 ಕೆಜಿ ತೂಗುವ ಒಂದು ಪಾರ್ಮಿಜಾನೊಗೆ 550 ಲೀಟರಿನಷ್ಟು ಹಾಲು ಬೇಕು. ಕಡಿಮೆಯೆಂದರೂ 12 ತಿಂಗಳು ಹಣ್ಣಾಗಬೇಕು. ಅಷ್ಟು ಹಾಲು ಕರೆಯುವವರು ಯಾರು ಅಂತ ಕೇಳಿದಿರಾ? ಈ ಬಯಲಿನ ಕೊಟ್ಟಿಗೆಗಳಲ್ಲಿ ಬಹಳ ಮಂದಿ ಪಂಜಾಬಿಗಳು. ರೆಜ್ಜೊದಿಂದ ಸಣ್ಣ ಲೋಕಲ್ ರೈಲಿನಲ್ಲಿ ಹೋದರೆ ನೊವೆಲ್ಲಾರಾ ಅಂತ ಒಂದು ಊರು. ಅಲ್ಲಿ 2000ನೇ ಇಸವಿಯಲ್ಲಿ ಶುರುವಾದ ದೊಡ್ಡ ಗುರುದ್ವಾರ ಇದೆ. ಭಾನುವಾರ ಅಲ್ಲಿ ಲಂಗರಿನಲ್ಲಿ, ಅಂದರೆ ಗುರುದ್ವಾರದ ಉಚಿತ ಊಟದ ಪಂಕ್ತಿಯಲ್ಲಿ, ಕೂತು ರೊಟ್ಟಿ, ದಾಲು ಉಂಡರೆ ‘ಇದರಲ್ಲಿ ಮಾಂಸ ಇದೆಯಾ?’ ಅನ್ನುವ ಪ್ರಶ್ನೆಯನ್ನು ಚಪ್ಪಲಿ ಜೊತೆ ಹೊರಗೇ ಬಿಟ್ಟು ಬಂದ ಹಾಗೆ ಆರಾಮ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಯಾವೂರು ಅಂದರು. ಬೆಂಗಳೂರು ಅಂದೆ. ‘ಕಂಪ್ಯೂಟರ್ ಕೆಲಸವೇನಮ್ಮಾ?’ ಇಲ್ಲ, ಮಗು ನೋಡಿಕೊಳ್ಳುವುದು. ಅವರಿಗೆ ಖುಷಿಯಾಯಿತು. ‘ನಾನು ಹಸು ನೋಡಿಕೊಳ್ಳುವುದು. ಬೆಳಗಿನ ಜಾವ ಮೂರಕ್ಕೆ ಏಳಬೇಕು’ ಅಂದರು. ನಮ್ಮ ಮಗುವೂ ಒಂದೊಂದು ದಿನ ಅದೇ ಹೊತ್ತಿಗೆ ಏಳುತ್ತದೆ ಅಂದೆ. ಇಬ್ಬರೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆವು.

ಉಳಿದ ದಿನಗಳಲ್ಲಿ ನಾನು ನೋಡುವ ಊರಿನ ಎತ್ತರ ಮೂರೂವರೆ ಅಡಿ. ಮೊದೆನಾದ ಕಥೀಡ್ರಲ್ಲಿನ ಕೆಲಸ ಶುರುವಾದದ್ದು 1099ರಲ್ಲಿ. ಪಕ್ಕದ ಘಿರ್ಲಾಂದಿನಾ ಗೋಪುರ ಸುಮಾರು 86 ಮೀಟರ್. ಪ್ರವಾಸಿಗಳೆಲ್ಲ ಕತ್ತೆತ್ತಿ ಮೇಲೆ ನೋಡುತ್ತಾರೆ. ಪುಟ್ಟನಿಗೆ ಬೇಕಾದದ್ದೆಲ್ಲ ಕೆಳಗಿದೆ. ಬಾಗಿಲಿನ ಮುಂದೆ ಕಂಬ ಹೊತ್ತ ಕಲ್ಲಿನ ಸಿಂಹಗಳಿವೆ. ತಲೆಮಾರುಗಳ ಮಕ್ಕಳು ಹತ್ತಿ ಹತ್ತಿ ಅವುಗಳ ಬೆನ್ನು ನುಣುಪಾಗಿದೆ. ಚೌಕದ ಮೂಲೆಯಲ್ಲಿ ಪ್ರೇದಾ ರಿಂಗಾದೋರಾ ಅನ್ನುವ ಉದ್ದನೆಯ ಬಂಡೆ. ಹಿಂದೆ ಅದರ ಮೇಲೆ ನಿಂತು ಭಾಷಣ ಮಾಡುತ್ತಿದ್ದರಂತೆ. ಸಾಲ ತೀರಿಸದವರನ್ನು ಜನರೆದುರು ಅದರ ಮೇಲೆ ಕೂರಿಸಿ ಮಾನ ತೆಗೆಯುತ್ತಿದ್ದರಂತೆ. ಈಗ ಅದು ಜಾರುಬಂಡೆ. ಪುಟ್ಟ ಜಾರುತ್ತಾನೆ, ಬೆವರುತ್ತಾನೆ. ತಕ್ಷಣ ನಾನು ಚೀಲದಿಂದ ಒಣಗಿದ ಬನಿಯನ್ ತೆಗೆಯಬೇಕು. ಬೆವರಿದ ಬೆನ್ನಿಗೆ ಗಾಳಿ ಬಡಿದರೆ ಮಗು ಕಾಯಿಲೆ ಬೀಳುತ್ತದೆ ಅನ್ನುವುದು ನೋನ್ನಾಳ ಕಟ್ಟಾಜ್ಞೆ. ಇಡೀ ದೇಶದ ಅಜ್ಜಿಯರ ಪಕ್ಷ ಒಂದೇ ಅಂತ ಕಾಣುತ್ತದೆ. ಚೌಕದಲ್ಲಿ ಯಾವ ಮಗುವಿನ ಚೀಲ ನೋಡಿದರೂ ಒಂದು ಬನಿಯನ್ ಜಾಸ್ತಿ.

ನೋನ್ನಾಳ ಮನೆಯ ಅಟ್ಟದಲ್ಲಿ ಸಾಲಾಗಿ ಪೀಪಾಯಿಗಳಿವೆ. ದೊಡ್ಡದರಿಂದ ಚಿಕ್ಕದಕ್ಕೆ, ಚೆಸ್ಟ್‌ನಟ್, ಚೆರ್ರಿ, ಹಿಪ್ಪುನೇರಳೆ, ಓಕ್ ಹೀಗೆ ಬೇರೆ ಬೇರೆ ಮರದವು. ಬಾಯಿಗೆ ಬಿಳಿ ಬಟ್ಟೆ ಮುಚ್ಚಿರುತ್ತದೆ. ದ್ರಾಕ್ಷಿ ರಸ ಕುದಿಸಿ ಬತ್ತಿಸಿ ಮಾಡುವ ಮೊದೆನಾದ ಬಾಲ್ಸಾಮಿಕ್ ವಿನೆಗರ್ ಅದು. ಬೇಸಿಗೆಯ ಧಗೆ, ಚಳಿಗಾಲದ ಕೊರೆತ ಎರಡೂ ತಗಲಬೇಕು ಅಂತಲೇ ಅಟ್ಟದಲ್ಲಿಡುವುದು. ವರ್ಷವರ್ಷ ಆರಿಹೋದಷ್ಟನ್ನು ಪಕ್ಕದ ದೊಡ್ಡ ಪೀಪಾಯಿಯಿಂದ ತುಂಬುತ್ತಾರೆ. ಕಡಿಮೆಯೆಂದರೂ 12 ವರ್ಷ ಆಗದೆ ಅದನ್ನು ಸಾಂಪ್ರದಾಯಿಕ ಅನ್ನುವ ಹೆಸರಿನಲ್ಲಿ ಮಾರುವಂತಿಲ್ಲ. 25 ದಾಟಿದರೆ ಇನ್ನೂ ಮೇಲಿನ ದರ್ಜೆ. ಮನೆಯಲ್ಲಿ ಮಗು ಹುಟ್ಟಿದಾಗ ಹೊಸ ಸಾಲು ಶುರು ಮಾಡುವ ಪದ್ಧತಿ ಇದೆ. ಪುಟ್ಟನ ಸಾಲೂ ಅಲ್ಲೇ ಮೂಲೆಯಲ್ಲಿದೆ. ಅದನ್ನು ಮುಟ್ಟುವ ಹಾಗಿಲ್ಲ. ಹಳೇದರಿಂದ ಒಂದು ತೊಟ್ಟು ಚಮಚಕ್ಕೆ ಬಿಟ್ಟು ನೋನ್ನಾ ನನ್ನ ಕೈಗೆ ಕೊಟ್ಟಿದ್ದರು. ಕಪ್ಪಗೆ, ಚಮಚ ಓರೆ ಮಾಡಿದರೂ ಅವಸರವಿಲ್ಲದೆ ಇಳಿಯುತ್ತದೆ. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಎಲ್ಲೋ ಮರದ ಘಮ. ಪುಟ್ಟನ ಪೀಪಾಯಿ ಪಾಸಾಗುವ ಹೊತ್ತಿಗೆ ಅವನಿಗೆ ಮೀಸೆ ಬರುವ ವಯಸ್ಸು. ನನ್ನ ಪರ್ಮಿಟ್ ಅಲ್ಲಿಯವರೆಗೆ ಎಳೆಯುವುದಿಲ್ಲ.

ನಾನು ಎಲ್ಲಿಗೆ ಹೋಗಿ ಬಂದರೂ ನೋನ್ನಾಗೆ ವರದಿ ಒಪ್ಪಿಸಬೇಕು. ಅವರು ಕೇಳುವುದು ಏನು ನೋಡಿದೆ ಅಂತ ಅಲ್ಲ, ಏನು ತಿಂದೆ ಅಂತ. ಬೊಲೊನ್ಯಾ ಹೆಸರು ಎತ್ತಿದರೆ ಮುಖ ಸಿಂಡರಿಸುತ್ತಾರೆ. ಎರಡೂ ಊರಿಗೆ ಹಳೇ ಲೆಕ್ಕ ಬಾಕಿ ಇದೆ. 1325ರಲ್ಲಿ ಜಪ್ಪೊಲಿನೊ ಹತ್ತಿರ ಯುದ್ಧ ಆಗಿ ಮೊದೆನಾದವರು ಗೆದ್ದರು. ಬೊಲೊನ್ಯಾ ಬಾಗಿಲ ಬಳಿಯ ಬಾವಿಯಿಂದ ಒಂದು ಮರದ ಬಕೆಟ್ ಎತ್ತಿಕೊಂಡು ಬಂದರು ಅಂತ ಪ್ರತೀತಿ. ಅದನ್ನು ಇವತ್ತಿಗೂ ಪುರಭವನದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಗೋಪುರದಲ್ಲಿ ಅದರ ನಕಲು ನೇತುಹಾಕಿದ್ದಾರೆ. ವಾಪಸ್ ಕೊಡುವ ಯೋಚನೆ ಯಾರಿಗೂ ಇದ್ದ ಹಾಗಿಲ್ಲ.

ಮಾಂತೊವಾಕ್ಕೆ ಹೋದಾಗ ಒಂದು ಹೋಟೆಲು ಪುಣ್ಯಕ್ಕೆ ತೆರೆದಿತ್ತು. ಕುಂಬಳಕಾಯಿ ತುಂಬಿದ ತೊರ್ತೆಲ್ಲಿ ಸಿಕ್ಕಿತು. ಒಳಗೆ ಬಾದಾಮಿ ಘಮದ ಅಮರೆತ್ತಿ ಬಿಸ್ಕತ್ತಿನ ಪುಡಿ, ಸಾಸಿವೆ ಖಾರದ ಹಣ್ಣಿನ ಪಾಕ. ಮೇಲೆ ಬೆಣ್ಣೆ. ಬೆಲ್ಲ ಹಾಕಿದ ಸಿಹಿಕುಂಬಳದ ಪಲ್ಯ ತಿಂದು ಬೆಳೆದ ನಾಲಿಗೆ ಒಂದೇ ತುತ್ತಿಗೆ ಒಪ್ಪಿಕೊಂಡಿತು. ಬಂದು ಹೇಳಿದರೆ ನೋನ್ನಾ, ‘ಪಾಸ್ತಾದೊಳಗೆ ಬಿಸ್ಕತ್ತು! ಅದೇನು ಊಟವೋ ತಿಂಡಿಯೋ?’ ಅಂದರು. ಅವರ ಲೆಕ್ಕದಲ್ಲಿ ಪಾರ್ಮಾದವರಿಗೆ ಜಂಬ ಜಾಸ್ತಿ. ರೆಜ್ಜೊದವರು ಸೊಪ್ಪು ಬೇಯಿಸುವುದು ಕಡಿಮೆ. ಫೆರಾರಾದವರ ಬಗ್ಗೆ ಮಾತೇ ಬೇಡ, ಅಲ್ಲಿಯ ತೇವಕ್ಕೆ ತಲೆಯೇ ಓಡುವುದಿಲ್ಲ.

‘ಹಾಗಾದ್ರೆ ಈ ಭಾನುವಾರ ಫೆರಾರಾಕ್ಕೆ ಹೋಗಲ್ಲ ಬಿಡಿ’ ಅಂದೆ.

‘ಹೋಗು ಹೋಗು’ ಅಂದರು. ‘ಬರುವಾಗ ಅಲ್ಲಿಯ ಜೋಡಿ ಬ್ರೆಡ್ ಸಿಗುತ್ತಲ್ಲ, ನಾಲ್ಕು ಕೊಂಬಿನದು, ಆರು ತಗೊಂಡು ಬಾ. ರಾತ್ರಿಯವರೆಗೂ ಗರಿಗರಿ ಇರುತ್ತೆ. ಹಂದಿ ಕೊಬ್ಬು ಹಾಕಿರ್ತಾರೆ, ನೀನು ತಿನ್ನಬೇಡ. ಮತ್ತೆ, ಪಕ್ಕದ ಮನೆಯವಳಿಗೆ ಹೇಳಬೇಡ.’