ಸ್ಪಷ್ಟನೆ: ಗರ್ಭಿಣಿಯರು ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ

"ಥೈರಾಯ್ಡ್ ಮಾತ್ರೆ ನುಂಗಿದರೆ ಹುಟ್ಟುವ ಮಗುವಿಗೆ ಆಟಿಸಂ ಬರುತ್ತೆ, ಗರ್ಭಿಣಿಯರು ಕೂಡಲೇ ನಿಲ್ಲಿಸಿ" ಎಂಬ ಸಂದೇಶ ಕೋಲಾರ, ಚಿಕ್ಕಬಳ್ಳಾಪುರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಮೊದಲ ಮೂರು ತಿಂಗಳು ಭ್ರೂಣದ ಥೈರಾಯ್ಡ್ ಗ್ರಂಥಿ ಇನ್ನೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಿದುಳು ಬೆಳೆಯಲು ಬೇಕಾದ ಥೈರಾಕ್ಸಿನ್ (ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನ್) ತಾಯಿಯಿಂದಲೇ ಹೋಗಬೇಕು. ಮಾತ್ರೆಯಲ್ಲಿರುವುದೂ ಅದೇ ಹಾರ್ಮೋನ್. ಗರ್ಭದ ಆರಂಭದಲ್ಲಿ ತಾಯಿಗೆ ಥೈರಾಕ್ಸಿನ್ ತೀರಾ ಕಡಿಮೆಯಿದ್ದಾಗ ಮಕ್ಕಳಲ್ಲಿ ಆಟಿಸಂ ಲಕ್ಷಣ ಹೆಚ್ಚು ಕಂಡವು ಎಂದು 2013ರ ನೆದರ್ಲೆಂಡ್ಸ್ ಅಧ್ಯಯನ ಹೇಳಿತ್ತು. ಅಂದರೆ ಸಂದೇಶಕ್ಕೆ ತದ್ವಿರುದ್ಧ. ಅದೂ ನಂಟು ಮಾತ್ರ, ಕಾರಣವೆಂದು ಸಾಬೀತಾಗಿಲ್ಲ. ಯಾವ ತಾಯಿಯೂ ತನ್ನನ್ನು ಹಳಿದುಕೊಳ್ಳಬೇಕಿಲ್ಲ.

ನಿಜವಾಗಿ ಎಡವಟ್ಟಾಗುವುದು ನುಂಗುವ ಕ್ರಮದಲ್ಲಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ. ಕಾಫಿ, ರಾಗಿ ಗಂಜಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಇಲ್ಲವಾದರೆ ಅವು ಥೈರಾಕ್ಸಿನ್ ಅನ್ನು ಕರುಳಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಗರ್ಭಿಣಿಯಾದಾಗ ವೈದ್ಯರು ಡೋಸ್ ಏರಿಸುವುದು ಸಾಮಾನ್ಯ, ಗಾಬರಿ ಬೇಡ. ಗರ್ಭಾವಧಿಯ ಮೊದಲರ್ಧದಲ್ಲಿ 4 ವಾರಕ್ಕೊಮ್ಮೆ ಟಿಎಸ್‌ಎಚ್ ಪರೀಕ್ಷೆ (ಥೈರಾಯ್ಡ್ ಸರಿಯಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ಮಾಡಿಸಿ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಅದನ್ನು ಓದಿ ಮಾತ್ರೆ ಬಿಟ್ಟವರಿದ್ದರೆ ಇಂದೇ ವೈದ್ಯರಿಗೆ ತಿಳಿಸಿ.