ಬೋರ್ಡ್ ಮೇಲೆ ಲಿನಕ್ಸ್ ಅಂತ ಬರೆಸಿಲ್ಲ

ಹೋದ ತಿಂಗಳು ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಬೋರ್ಡ್ ಹೊಸದಾಗಿ ಬರೆಸಿದೆ. ನಮ್ಮ ಅಂಗಡಿ ಹುಡುಗನಿಗೆ ಅದರಲ್ಲಿ 'ಲಿನಕ್ಸ್' ಅಂತ ಹಾಕಿಸಿ, ಪಕ್ಕದಲ್ಲಿ ಅದರ ಗುರುತಾದ ಪೆಂಗ್ವಿನ್ ಬಿಡಿಸಬೇಕು ಅಂತ ಆಸೆ. ಲಿನಕ್ಸ್ ಅಂದರೆ ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ಆಪರೇಟಿಂಗ್ ಸಿಸ್ಟಮ್. ಪುಕ್ಕಟೆ, ಯಾರು ಬೇಕಾದರೂ ಬದಲಿಸಬಹುದು, ಹಂಚಬಹುದು. "ಬೇಡ ಮಾರಾಯ" ಅಂದೆ. 'ಹಳೇ ಲ್ಯಾಪ್‌ಟಾಪ್ ಸ್ಪೀಡ್ ಮಾಡಿಕೊಡಲಾಗುವುದು' ಅಂತ ಬರೆಸಿದೆ. ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿಗೆ ಹೋಗಿ ನೋಡಿ. "ಮನೆಗೆ ಕಾಲು ಕೆಜಿ, ಚಿಕೋರಿ ಸ್ವಲ್ಪ ಕಮ್ಮಿ ಇರಲಿ" ಅಂದರೆ ಮುಗಿಯಿತು. ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು ಅಂತ ಅಂಗಡಿಯವನೇ ನೋಡಿಕೊಳ್ಳುತ್ತಾನೆ. ನಾವು ಲಿನಕ್ಸ್ ಹುಚ್ಚಿನವರು ಮಾಡುವುದು ಇದರ ಉಲ್ಟಾ. ಯಾರಾದರೂ ಕೇಳಿದರೆ ಸಾಕು, ಉಬುಂಟು, ಫೆಡೋರಾ, ಡೆಬಿಯನ್ ಅಂತ ಲಿನಕ್ಸಿನ ಬಗೆಗಳ ಹೆಸರು ಹೇಳುತ್ತಾ, ಗಿಡದ ಜಾತಿಯಿಂದ ಶುರು ಮಾಡಿದ ಹಾಗೆ ಶುರು ಮಾಡುತ್ತೇವೆ. ಕೇಳಿದವರು ತಲೆ ಆಡಿಸಿ ಮನೆಗೆ ಹೋಗುತ್ತಾರೆ. ಆಮೇಲೆ "ಜನರಿಗೆ ಸ್ವಾತಂತ್ರ್ಯದ ಬೆಲೆ ಗೊತ್ತಿಲ್ಲ" ಅಂತ ಬೇಜಾರು ಬೇರೆ!

ಜನ ಆಪರೇಟಿಂಗ್ ಸಿಸ್ಟಮ್ ಆರಿಸಿಕೊಳ್ಳುವುದೇ ಇಲ್ಲ. ಮಷೀನ್ ಜೊತೆ ಏನು ಬಂತೋ ಅದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ, ಅಂದರೆ ಅದರ ತಿರುಳು. ಯಾರಾದರೂ ಬೇಕು ಅಂತ ಕೇಳಿ ಹಾಕಿಸಿಕೊಂಡಿರಾ? ಪೆಟ್ಟಿಗೆಯಲ್ಲಿ ಬಂತು, ಬಳಸಿದಿರಿ.

ನನಗೂ ಲಿನಕ್ಸ್ ಬಂದಿದ್ದು ಪೆಟ್ಟಿಗೆಯಲ್ಲೇ, ಅಂದರೆ ಅಂಚೆಯಲ್ಲಿ. ಹಾಸನದಲ್ಲಿ ಓದುವಾಗ ಉಬುಂಟುವಿನವರು ಕೇಳಿದವರಿಗೆಲ್ಲ ಪುಕ್ಕಟೆ ಸಿಡಿ ಕಳಿಸುತ್ತಿದ್ದರು. ಕೆಲವು ವಾರ ಕಾದ ಮೇಲೆ ಹೊರದೇಶದಿಂದ ನಮ್ಮ ಹೆಸರಿಗೆ ಒಂದು ಲಕೋಟೆ! ಹಾಸ್ಟೆಲ್ ಪೂರ್ತಿ ಅದನ್ನು ನೋಡಲು ಬಂತು. 2011ರಲ್ಲಿ ಅದು ನಿಂತಿತು. ಡೌನ್‌ಲೋಡ್ ಸಲೀಸಾಯಿತು ನಿಜ. ಆದರೆ ಡೌನ್‌ಲೋಡ್ ಮಾಡುವುದಕ್ಕೆ ಅದು ಬೇಕು ಅಂತ ಮೊದಲೇ ಗೊತ್ತಿರಬೇಕಲ್ವಾ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತ ಮೇಲೆ ಅಂಗಡಿಗೆ ಬರುವವರು ಜಾಸ್ತಿಯಾದರು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಬಹುತೇಕ ಎಂಟನೇ ಜನರೇಶನ್ ಆದರೂ ಇರಬೇಕು. ಆಲ್ದೂರಿಂದ ಬಂದ ಟೀಚರ್ ಒಬ್ಬರ ಲ್ಯಾಪ್‌ಟಾಪ್ ಆರನೇ ಜನರೇಶನ್. ಕೀಬೋರ್ಡ್ ಗಟ್ಟಿ, ಸ್ಕ್ರೀನ್ ಗಟ್ಟಿ. "ಎಸೆಯಬೇಕಾ ಸರ್?" ಅಂದರು. ಲಿನಕ್ಸ್ ಮಿಂಟ್ (ಅದೂ ಲಿನಕ್ಸಿನ ಒಂದು ಬಗೆ) ಇರುವ ಪೆನ್‌ಡ್ರೈವ್ ಹಾಕಿ, ಅವರ ಹಾರ್ಡ್‌ಡಿಸ್ಕ್ ಮುಟ್ಟದೆ, ಅಲ್ಲೇ ಕೌಂಟರ್ ಮೇಲೆ ಓಡಿಸಿ ತೋರಿಸಿದೆ. ಯೂಟ್ಯೂಬ್ ಬಂತು. ಕನ್ನಡ ಟೈಪ್ ಆಯಿತು, ಅವರಿಗೆ ರೂಢಿ ಇದ್ದ ಕಗಪ ಕೀಲಿಮಣೆಯಲ್ಲೇ. "ಇದನ್ನೇ ಹಾಕಿ" ಅಂದರು. ಹೆಸರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಎಲ್ಲ ಸಲ ಹೀಗೇ ಆಗಿಲ್ಲ. ಟೈಪಿಂಗ್ ಸೆಂಟರ್ ನಡೆಸುವ ಒಬ್ಬರಿಗೆ ಹುಮ್ಮಸ್ಸಿನಲ್ಲಿ ಹಾಕಿಕೊಟ್ಟೆ. ಮಾರನೇ ದಿನ ಬೆಳಿಗ್ಗೆಯೇ ಫೋನ್. ಹತ್ತು ವರ್ಷದಿಂದ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಫೈಲುಗಳು ಅವರವು, ಎಲ್ಲ ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್ ಲಿಪಿ ಕ್ರಮದಲ್ಲಿ ಇಲ್ಲದವು. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಸಂತೆ. ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನನ್ನದೇ. ದುಡ್ಡು ತಗೊಳ್ಳದೆ ವಿಂಡೋಸ್ ವಾಪಸ್ ಹಾಕಿಕೊಟ್ಟೆ. ವಿಂಡೋಸ್‌ಗೆಂದೇ ಮಾಡಿದ ಟ್ಯಾಲಿಯಲ್ಲಿ ಲೆಕ್ಕ ಇಡುವ ತೋಟದ ರೈಟರ್‌ಗಳಿಗೂ ಈಗ ನಾನೇ ಬೇಡ ಅನ್ನುತ್ತೇನೆ. ಎಲ್ಲಿ ಆಗಲ್ಲ ಅಂತ ಹೇಳಿದರೆ, ಆಗುತ್ತೆ ಅಂದಾಗ ಜನ ನಂಬುತ್ತಾರೆ.

ಈಗ ಅಸಲಿ ವಿಷಯ. ಕಳ್ಳ ವಿಂಡೋಸ್ ಹಾಕಿದರೆ ಮೆಕ್ಯಾನಿಕ್‌ಗೆ ಐನೂರು ರೂಪಾಯಿ. ಮೂರು ತಿಂಗಳಿಗೆ ವೈರಸ್ ಹೊಕ್ಕಿತು ಅಂತ ಅದೇ ಗಿರಾಕಿ ವಾಪಸ್ ಬರುತ್ತಾನೆ, ಇನ್ನೊಂದು ಐನೂರು. ಮಿಂಟ್ ಹಾಕಿಸಿಕೊಂಡವರು ಹೆಚ್ಚಾಗಿ ಈ ಕಡೆ ತಲೆ ಹಾಕುವುದಿಲ್ಲ! ದೇವರಾಣೆ, ಇದು ಜಂಬವಲ್ಲ, ನಷ್ಟದ ಲೆಕ್ಕ. ಊರಿನ ರಿಪೇರಿಯವನಿಗೆ ನಾಲ್ಕು ಕಾಸು ಹುಟ್ಟದಿದ್ದರೆ ಅವನು ಯಾಕೆ ಇದನ್ನು ಜನರಿಗೆ ಹೇಳಬೇಕು? ಸುಮ್ನೆ ಪೋಸ್ಟರ್ ಅಂಟಿಸಿದರೆ ಏನೂ ಆಗಲ್ಲ.

ಕೇರಳದವರು ಶಾಲೆಗಳಿಗೆ ಲಿನಕ್ಸ್ ತರುವಾಗ ಸಿಡಿ ಹಂಚಿ ಸುಮ್ಮನಾಗಲಿಲ್ಲ, ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು. 2019ರ ಹೊತ್ತಿಗೇ ಅಲ್ಲಿನ ಶಾಲೆಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಇತ್ತು. ಅದು ಸರ್ಕಾರದ ಕೈಯಲ್ಲಾಗುವ ಕೆಲಸ. ನನ್ನ ಕೈಯಲ್ಲಿ ಇರುವುದು ಒಂದು ಕೌಂಟರ್.

ಹಾಗಾಗಿ ಮಿಂಟ್ ಹಾಕಿಸಿಕೊಂಡವರಿಗೆ ಫೋನಿನಲ್ಲಿ ಸಹಾಯ ಮಾಡಲು ವರ್ಷಕ್ಕೆ ಆರುನೂರು ರೂಪಾಯಿ ಅಂತ ಮಾಡಿದ್ದೇನೆ. ಪ್ರಿಂಟರ್ ಹಟ ಮಾಡಿದರೂ, ಮೇಲಿನ ಐಕಾನ್ ಎಲ್ಲಿಗೋ ಹೋಯಿತು ಅಂದರೂ ಫೋನ್ ಮಾಡಬಹುದು. ಇವತ್ತಿಗೆ ಹನ್ನೊಂದು ಜನ ಸೇರಿದ್ದಾರೆ. ಅದರಲ್ಲಿ ಒಂಬತ್ತು ಜನ ಒಮ್ಮೆಯೂ ಫೋನ್ ಮಾಡಿಲ್ಲ. ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆ ರಿಪೇರಿ ಅಂಗಡಿ ಇಟ್ಟಿರುವವರು ಬೇಕಾದರೆ ಒಂದು ಪೆನ್‌ಡ್ರೈವ್ ಹಿಡಿದು ಬನ್ನಿ, ಮಿಂಟ್ ಕಾಪಿ ಮಾಡಿಕೊಡುತ್ತೇನೆ. ಕಾಫಿ ನನ್ನ ಲೆಕ್ಕ. ಪ್ರಿಂಟರ್ ವಿಷಯ ಮಾತ್ರ ಕೇಳಬೇಡಿ, ಒಂದು ಇನ್ನೂ ಮೇಜಿನ ಮೇಲೆ ಬಿದ್ದಿದೆ.